ಏಳನೇ ಕೊಳವೆಯ ಮೇಲೊಂದು ಬೊಟ್ಟು

ಥಾಯ್ಲೆಂಡಿಗೆ ಹೋಗಿ ಬಂದೆ ಎಂದರೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಹೆಂಡತಿ ಪಕ್ಕದಲ್ಲಿದ್ದಾಳೋ ಇಲ್ಲವೋ ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ "ಹೆಂಗಿತ್ತು?" ಎಂದು ಕೇಳುತ್ತಾರೆ. ಅವರನ್ನು ನಿರಾಸೆ ಮಾಡುವುದು ನನಗೂ ಬೇಸರದ ಸಂಗತಿಯೇ. ಎರಡು ದಿನ ಬಿಟ್ಟರೆ ನಾನು ಅಲ್ಲಿ ನೋಡಿದ್ದು ಒಂದು ಪ್ರಯೋಗಾಲಯ, ಒಂದು ಹಾಸ್ಟೆಲ್ಲು ಮತ್ತು ಅವೆರಡರ ನಡುವಿನ ರಸ್ತೆಯಲ್ಲಿದ್ದ ಒಂದು ಸಂತೆ. ಸಮುದ್ರ ನೋಡಲಿಲ್ಲ. ಆನೆ ನೋಡಿದೆ, ಬಿಸ್ಕಿಟ್ ಪೊಟ್ಟಣದ ಮೇಲೆ. ಅದಕ್ಕಾದರೆ ದಾಂಡೇಲಿಗೆ ಹೋಗಿದ್ದರೂ ಸಾಕಿತ್ತು.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ಹಳಿಯಾಳದಿಂದ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೇನೆ. ನಮ್ಮ ಡಾಕ್ಟರಿಗೆ ಲಿವರ್ ಕ್ಯಾನ್ಸರಿನ ಒಂದು ಪರೀಕ್ಷೆಯನ್ನು ನಮ್ಮಲ್ಲೂ ಶುರು ಮಾಡುವ ಮನಸ್ಸಾಯಿತು. ಈಶಾನ್ಯ ಥಾಯ್ಲೆಂಡಿನ ಒಂದು ಊರಿನಲ್ಲಿ ಅದನ್ನು ಕಲಿಸುತ್ತಾರೆ, ಹನ್ನೆರಡು ದಿನ ಹೋಗಿ ಬಾ, ಹೋಗುವಾಗ ನಮ್ಮ ರೋಗಿಗಳ ಲಿವರಿನ ತುಣುಕುಗಳನ್ನೂ ಒಯ್ಯಿ ಎಂದರು. ನನಗಿಂತ ಚುರುಕಾದವರು ಇಬ್ಬರಿದ್ದರು. ಆದರೆ ಪಾಸ್‌ಪೋರ್ಟು ಇದ್ದವನು ನಾನೊಬ್ಬನೇ.

ಪರೀಕ್ಷೆಯನ್ನು ನಮ್ಮವ್ವನಿಗೆ ಹೇಳಿದ ಹಾಗೆಯೇ ನಿಮಗೂ ಹೇಳಿಬಿಡುತ್ತೇನೆ. ಎಲ್ಲರ ಲಿವರಿನಲ್ಲೂ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಇರುತ್ತದೆ. ಕೆಲವು ಲಿವರ್ ಕ್ಯಾನ್ಸರುಗಳಲ್ಲಿ ಇದರದೇ ಒಂದು ಅಸಹಜ ರೂಪ ಹುಟ್ಟಿಕೊಳ್ಳುತ್ತದೆ. ಮಾಡುವ ಕೆಲಸ ಅದೇ, ನಡೆ ಮಾತ್ರ ಬೇರೆ. ತುಣುಕನ್ನು ಅರೆದು ರಸ ತೆಗೆದು, ಹಾಲುಬಾಯಿಯಂತೆ ತೆಳ್ಳಗೆ ಹೆಪ್ಪುಗಟ್ಟಿಸಿದ ಜೆಲ್ ಹಾಳೆಯ ಒಂದು ತುದಿಯಲ್ಲಿ ಸಾಲಾಗಿ ಹಾಕಿ ಕರೆಂಟು ಹರಿಸಿದರೆ ಕಿಣ್ವಗಳು ಮುಂದಕ್ಕೆ ಓಡುತ್ತವೆ. ಆಮೇಲೆ ಬಣ್ಣದ ದ್ರಾವಣದಲ್ಲಿ ಅದ್ದಿದರೆ, ಎಲ್ಲಿ ಕಿಣ್ವ ನಿಂತಿದೆಯೋ ಅಲ್ಲಿ ಕೆಂಪು ಗೆರೆ ಮೂಡುತ್ತದೆ. ಎಲ್ಲರಿಗೂ ಒಂದು ಗೆರೆ. ಅಸಹಜ ರೂಪ ಇದ್ದವರಿಗೆ ಅದರ ಮುಂದೆ ಇನ್ನೊಂದು. ಇದನ್ನೆಲ್ಲ ಕೇಳಿದ ನಮ್ಮವ್ವ, ಇಷ್ಟಕ್ಕೆ ವಿಮಾನ ಯಾಕೆ ಬೇಕು ಎಂದಳು.

ತುಣುಕುಗಳನ್ನು ಒಯ್ಯುವ ಡಬ್ಬಿಯಲ್ಲಿ ಹನ್ನೊಂದು ಕೊಳವೆ. ಹೆಸರಿಲ್ಲ, ನಂಬರು ಮಾತ್ರ. ಆದರೆ ನಂಬರು ಅಂಟಿಸಿದವನು ನಾನೇ. ಏಳನೆಯದು ಬಸ್ತ್ಯಾಂವನದು.

ಬಸ್ತ್ಯಾಂವ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಕಬಡ್ಡಿಯಲ್ಲಿ ಅವನು ರೇಡ್ ಹೋಗುತ್ತಿದ್ದ, ನಾನು ಅಂಗಿಗಳನ್ನು ಕಾಯುತ್ತಿದ್ದೆ. ಅವನ ಲಿವರಿನಿಂದ ಲಿಂಬೆಹಣ್ಣಿನಷ್ಟು ಗಂಟು ತೆಗೆದಿದ್ದರು. ಒಬ್ಬ ಡಾಕ್ಟರು ಅದು ನಿರುಪದ್ರವಿ ಗಂಟು, ತೆಗೆದಿದ್ದಾಯಿತು, ಇನ್ನು ಕೆಲಸಕ್ಕೆ ಹೋಗು ಎಂದರು. ಇನ್ನೊಬ್ಬರು ಕ್ಯಾನ್ಸರಿನ ಆರಂಭ ಇದ್ದೀತು, ಹಾಗಿದ್ದರೆ ಇನ್ನೊಂದು ಆಪರೇಶನ್ನು, ಔಷಧಿ, ಈ ವರ್ಷದ ಕಬ್ಬಿನ ಹಂಗಾಮು ಮರೆತುಬಿಡು ಎಂದರು. ಗಂಟಿನ ಚೂರನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಇಬ್ಬರೂ ತಮ್ಮ ತಮ್ಮ ಮಾತಿಗೇ ಅಂಟಿಕೊಂಡರು. ಈ ಪರೀಕ್ಷೆ ಒಂದು ಕಡೆಗೆ ತಕ್ಕಡಿ ವಾಲಿಸಬಹುದಿತ್ತು.

ಹೊರಡುವ ಹಿಂದಿನ ದಿನ ಅವನೇ ಮನೆಗೆ ಬಂದ. "ಮಲ್ಲ್ಯಾ, ಚೊಲೋ ಇರ್ಲಿ ಕೆಟ್ಟದ್ದಿರ್ಲಿ, ಗೊತ್ತಾದ ಕೂಡ್ಲೆ ನನಗ ಹೇಳ್ಬೇಕು ನೀ. ಈ ಇಬ್ಬರ ನಡುವ ಸಿಕ್ಕು ನನಗ ಕೂಳ ಸೇರವಲ್ದು" ಎಂದ. ಫಲಿತಾಂಶ ಡಾಕ್ಟರಿಗೆ, ಡಾಕ್ಟರಿಂದ ರೋಗಿಗೆ ಎಂಬ ನಿಯಮದ ಕಾಗದಕ್ಕೆ ನಾನು ಅವತ್ತೇ ಬೆಳಿಗ್ಗೆ ಸಹಿ ಹಾಕಿದ್ದೆ. ಆದರೂ ಹೂಂ ಎಂದು ತಲೆ ಅಲ್ಲಾಡಿಸಿದೆ.

ಅನಮೋಡ

ವಿಮಾನ ಗೋವಾದಿಂದ. ಬಾಡಿಗೆ ಕಾರಿನಲ್ಲಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಮಗುವನ್ನು ಲಸಿಕೆಗೆ ಕರೆದೊಯ್ಯುವವನಂತೆ ಕೂತಿದ್ದೆ. ಗೋವಾ ಗಡಿಯ ಅನಮೋಡದ ನಾಕೆಯಲ್ಲಿ ತಪಾಸಣೆ ನಡೆಯುವುದು ಗೋವಾದಿಂದ ಬರುವವರಿಗೆ, ಬಾಟಲಿಗಳಿಗಾಗಿ. ಹೋಗುವವರನ್ನು ಯಾರೂ ಕೇಳುವುದಿಲ್ಲ. ಆದರೆ ಡಬ್ಬಿಯೊಳಗಿನ ಡ್ರೈ ಐಸ್ ಸಂದಿಯಿಂದ ಹೊಗೆ ಬಿಡುತ್ತಿತ್ತು. ಪೇದೆ ಕಿಟಕಿಯಲ್ಲಿ ಇಣುಕಿ ಏನದು ಎಂದ. ನಾನು ಮೊಹರುಗಳಿದ್ದ ಕಾಗದಗಳನ್ನೆಲ್ಲ ತೆಗೆದು, ಕಿಣ್ವದಿಂದ ಶುರು ಮಾಡಿ ವಿವರಿಸತೊಡಗಿದೆ. ಮನುಷ್ಯರ ಲಿವರ್ ಎಂಬಲ್ಲಿಗೆ ಬಂದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೈಬೀಸಿ, ಹೋಗು ಮಾರಾಯ ಎಂದ. ನನ್ನ ವಿಜ್ಞಾನದ ಉಪನ್ಯಾಸ ಅರ್ಧಕ್ಕೆ ನಿಂತ ಮೊದಲನೇ ಸಲ ಅದು. ಆಮೇಲೆ ಬ್ಯಾಂಕಾಕಿನ ತನಕ ಇನ್ನೂ ಮೂರು ಕಡೆ ನಿಂತಿತು.

ಗುಲಾಬಿ ಚಪ್ಪಲಿ

ಆ ಊರಿನಲ್ಲಿ ಎಲ್ಲರೂ ಕೈಮುಗಿಯುತ್ತಾರೆ. ನನಗೆ ಬಹಳ ಹಿಡಿಸಿತು. ಕೈಮುಗಿಯುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು ಎಂದುಕೊಂಡು, ಗೇಟಿನ ಕಾವಲುಗಾರನಿಂದ ಹಿಡಿದು ಲಿಫ್ಟಿನೊಳಗಿದ್ದ ವಿದ್ಯಾರ್ಥಿನಿಯರ ತನಕ ಎಲ್ಲರಿಗೂ ನಾನೇ ಮೊದಲು ಮುಗಿದೆ. ಕಿರಿಯರು ಮೊದಲು ಮುಗಿಯಬೇಕು, ಹಿರಿಯರು ಆಮೇಲೆ ಎಂಬುದು ಅಲ್ಲಿಯ ಲೆಕ್ಕವಂತೆ. ತಲೆ ನರೆತವನು ಮೊದಲು ಮುಗಿದರೆ ಆ ಹುಡುಗಿಯರು ಕಂಗಾಲಾಗಿ ನನಗಿಂತ ಕೆಳಗೆ ಬಗ್ಗುತ್ತಿದ್ದರು, ನಾನು ಅವರಿಗಿಂತ ಕೆಳಗೆ ಬಗ್ಗುತ್ತಿದ್ದೆ. ಒಂದು ದಿನ ಹೀಗೆ ಬಗ್ಗುತ್ತ ಬಗ್ಗುತ್ತ ನಾನು ಇಳಿಯಬೇಕಾದ ಮಹಡಿ ದಾಟಿ ಹೋಯಿತು.

ಪ್ರಯೋಗಾಲಯದ ಬಾಗಿಲಲ್ಲಿ ಬೂಟು ಬಿಚ್ಚಿ ಅವರದೇ ಚಪ್ಪಲಿ ಹಾಕಿಕೊಳ್ಳಬೇಕು. ನನ್ನ ಕಾಲು ಹಿಡಿಸುವ ಜೋಡು ಒಂದೇ ಇತ್ತು, ಗುಲಾಬಿ ಬಣ್ಣದ್ದು, ಮೇಲೆ ಮೊಲದ ಮುಖ. ಪ್ರಯೋಗಾಲಯದಲ್ಲಿ ತೆಗೆದ ನನ್ನ ಎಲ್ಲ ಫೋಟೋಗಳೂ ಮೊಣಕಾಲಿಗೆ ಮುಗಿಯುವುದು ಈ ಕಾರಣಕ್ಕೆ.

ನನಗೆ ಕೆಲಸ ಕಲಿಸಿದವರು ಅಲ್ಲಿಯ ಹಿರಿಯ ಟೆಕ್ನಿಷಿಯನ್. ಹೆಸರು ನೋಯ್. ಎಲ್ಲರೂ ಅವರನ್ನು 'ಪೀ ನೋಯ್' ಎನ್ನುತ್ತಿದ್ದರು. ಪೀ ಎಂದರೆ ನಮ್ಮಲ್ಲಿ ಅಕ್ಕ ಎಂದ ಹಾಗೆ. ನಾನು ನೋಯ್ ಅಕ್ಕ ಎಂದೇ ಕರೆದೆ, ಅವರಿಗೂ ಅದು ಸರಿಬಿತ್ತು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ನಮಗೆ ಪರಸ್ಪರ ಎಲ್ಲವೂ ಅರ್ಥವಾಗುತ್ತಿತ್ತು. ಪ್ರಯೋಗಾಲಯ ನಡೆಸುವ ಪ್ರೊಫೆಸರು ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದರು, ಏನೂ ತಿಳಿಯುತ್ತಿರಲಿಲ್ಲ.

ಮೊದಲ ಮೂರು ದಿನ ನಾನು ಮಾಡಿದ ಜೆಲ್‌ಗಳು ಹರಿದವು. ನೋಯ್ ಅಕ್ಕ ಬೈಯಲಿಲ್ಲ. ಹರಿದ ಹಾಳೆಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿಟ್ಟು, ಇವತ್ತು ನಿನ್ನೆಗಿಂತ ಎರಡು ತುಂಡು ಕಡಿಮೆ ಎಂದು ಹೊಗಳುತ್ತಿದ್ದರು.

ಸಂತೆ

ಹೊಟ್ಟೆಯ ಮಾತು ಹೇಳದಿದ್ದರೆ ಪ್ರವಾಸ ಪೂರ್ತಿಯಾಗದು. ನಾವು ಲಿಂಗಾಯತರು, ಮೀನು ಮಾಂಸ ಮುಟ್ಟುವವರಲ್ಲ. ಅಲ್ಲಿಯವರು ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಹಾಕುತ್ತಾರೆ. ತರಕಾರಿ ಮಾತ್ರ ಕೊಡಿ ಎಂದರೆ ನಗುನಗುತ್ತ ತಲೆಯಾಡಿಸಿ, ತರಕಾರಿಯನ್ನೇ ಕೊಡುತ್ತಾರೆ, ಮೀನಿನ ರಸದಲ್ಲಿ. ಎರಡು ದಿನ ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಡೆಯಿತು. ಮೂರನೇ ದಿನ ಸಂತೆಯಲ್ಲಿ ಒಬ್ಬ ಮುದುಕಿ ಬೇಯಿಸಿದ ಗೆಡ್ಡೆಗಳನ್ನು ರಾಶಿ ಹಾಕಿಕೊಂಡು ಕೂತಿದ್ದಳು. ಜೋಯಿಡಾದ ಕಡೆಯವರು ಮಾರುವಂಥವೇ, ಮಣ್ಣು ಬಣ್ಣದ, ಗಂಟು ಗಂಟಾದ ಗೆಡ್ಡೆಗಳು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಅವಳಿಗೂ ಮೊದಲು ನಾನೇ ಕೈಮುಗಿದೆ. ಅಲ್ಲಿಂದ ಮುಂದೆ ಬೆಳಿಗ್ಗೆ ಗೆಡ್ಡೆ, ಮಧ್ಯಾಹ್ನ ಗೆಡ್ಡೆ.

ಆ ಸೀಮೆಯಲ್ಲಿ ಲಿವರ್ ಕ್ಯಾನ್ಸರ್ ಯಾಕೆ ಹೆಚ್ಚು ಎಂಬುದಕ್ಕೂ ಸಂತೆಯಲ್ಲೇ ಉತ್ತರವಿತ್ತು. ಕೆರೆಯ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ ಲಿಂಬೆಹುಳಿ, ಖಾರ ಹಾಕಿ ತಿನ್ನುತ್ತಾರೆ. ಮೀನಿನಲ್ಲಿರುವ ಒಂದು ಹುಳು ಲಿವರಿನ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಎಲ್ಲರಿಗೂ ಗೊತ್ತು, ಗೋಡೆ ಗೋಡೆಯ ಮೇಲೆ ಚಿತ್ರವಿದೆ. ಆದರೂ ತಿನ್ನುತ್ತಾರೆ.

ಶುಕ್ರವಾರ

ಶುಕ್ರವಾರ ನಮ್ಮೂರಿನ ತುಣುಕುಗಳ ಸರದಿ. ನನ್ನ ಹೆಂಡತಿ ಶಾಂತಾ ಬ್ಯಾಗಿನ ಒಳಜೇಬಿನಲ್ಲಿ ಅರಿಶಿಣ ಕುಂಕುಮದ ಎರಡು ಪೊಟ್ಟಣ ಇಟ್ಟಿದ್ದಳು. "ಹೊಸ ಮಷೀನ್ ಮುಟ್ಟೂಕಿಂತ ಮದ್ಲ ಒಂದೀಟ ಹಚ್ಚಿ ನಮಸ್ಕಾರ ಮಾಡ್ರಿ, ನಾಚ್ಕೋಬ್ಯಾಡ್ರಿ" ಎಂದಿದ್ದಳು. ನಮ್ಮಲ್ಲಿ ಇದು ದೊಡ್ಡ ಮಾತೇನಲ್ಲ. ಟ್ರ್ಯಾಕ್ಟರಿಗೂ ಹಚ್ಚುತ್ತೇವೆ, ಹೊಲಿಗೆ ಯಂತ್ರಕ್ಕೂ ಹಚ್ಚುತ್ತೇವೆ. ನಮ್ಮ ಹುಬ್ಬಳ್ಳಿ ಪ್ರಯೋಗಾಲಯದ ಫ್ರಿಜ್ಜಿನ ಹಣೆಯ ಮೇಲೆ ಇಪ್ಪತ್ತೆರಡು ಆಯುಧ ಪೂಜೆಗಳ ಬೊಟ್ಟುಗಳು ಒಂದರ ಮೇಲೊಂದು ಕೂತಿವೆ.

ನೋಯ್ ಅಕ್ಕ ಬರುವ ಮೊದಲೇ ಹೋದೆ. ಕುಂಕುಮ ಎದ್ದು ಕಾಣುತ್ತದೆ ಎಂದು ಅರಿಶಿಣವನ್ನಷ್ಟೇ ತೆಗೆದು, ಯಂತ್ರದ ಹಿಂಭಾಗದಲ್ಲಿ ಒಂದು ಬೊಟ್ಟು ಇಟ್ಟೆ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹನ್ನೊಂದು ಕೊಳವೆಗಳು ಐಸಿನಲ್ಲಿ ಸಾಲಾಗಿ ನಿಂತಿದ್ದವು. ಏಳನೆಯದನ್ನು ನೋಡಿ ಮನಸ್ಸು ತಡೆಯಲಿಲ್ಲ. ಅದರ ಮುಚ್ಚಳಕ್ಕೂ ಒಂದು ಬೊಟ್ಟು ಇಟ್ಟು, ಬಸ್ತ್ಯಾಂವನಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡೆ. ಅವನು ಕ್ರಿಶ್ಚಿಯನ್, ಇಗರ್ಜಿಗೆ ಹೋಗುವವನು, ನಮ್ಮ ಅರಿಶಿಣ ಅವನಿಗೆ ತಾಗುತ್ತದೋ ಇಲ್ಲವೋ ಎಂಬ ಅನುಮಾನವೂ ಬಂತು. ತಾಗಿತು.

ಮಧ್ಯಾಹ್ನ ಹಾಳೆಯನ್ನು ಬಣ್ಣದಲ್ಲಿ ಅದ್ದಿದೆವು. ಹತ್ತು ಸಾಲುಗಳಲ್ಲಿ ಅಚ್ಚುಕಟ್ಟಾದ ಗೆರೆಗಳು. ಏಳನೇ ಸಾಲಿನಲ್ಲಿ ಮಾಮೂಲಿ ಗೆರೆಯ ಮುಂದೆ ಇನ್ನೊಂದು ಪಟ್ಟೆ, ಬೆರಳು ದಪ್ಪದ್ದು, ಕಡುಕೆಂಪು.

ಪ್ರೊಫೆಸರು ಬಂದರು. ಇಷ್ಟು ಜೋರಾದ ಅಸಹಜ ರೂಪವನ್ನು ತಾವು ನೋಡಿಯೇ ಇಲ್ಲ ಎಂದರು. ಸಂಶೋಧನೆಯ ಹುಡುಗ ಹುಡುಗಿಯರು ಸುತ್ತ ನೆರೆದು ಫೋಟೋ ತೆಗೆದರು. ಇದು ಹೊಸದೇ ಇರಬಹುದು ಎಂದು ಯಾರೋ ಅಂದರು, ಇನ್ಯಾರೋ ನನ್ನ ಬೆನ್ನು ತಟ್ಟಿದರು. ನಾನು ಮೊಲದ ಚಪ್ಪಲಿಯಲ್ಲಿ ನಿಂತಿದ್ದೆ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಕಿಣ್ವವಲ್ಲ, ಬಸ್ತ್ಯಾಂವ. ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನಿಗೆ ಹೇಗೆ ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಗದ್ದಲದಲ್ಲಿ ಸೇರದವರು ನೋಯ್ ಅಕ್ಕ ಒಬ್ಬರೇ. ಅವರು ಏಳನೇ ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಮುಚ್ಚಳವನ್ನು ಮೂಸಿದರು. ಆಮೇಲೆ ನನ್ನ ಬಲಗೈ ಹಿಡಿದು ಉಂಗುರಬೆರಳನ್ನು ನೋಡಿದರು. ಹೋಗಿ ವಿನಿಗರಿನ ಆಮ್ಲದ ಶೀಶೆ ತಂದು, ಆ ಕಡುಕೆಂಪು ಪಟ್ಟೆಯ ತುದಿಯ ಮೇಲೆ ಒಂದು ಹನಿ ಬಿಟ್ಟರು. ಕೆಂಪು ಇದ್ದದ್ದು ಹಳದಿಯಾಯಿತು.

"ಇದು ನನ್ನ ಅಡುಗೆಮನೆಯಲ್ಲೂ ಇದೆ" ಎಂದರು.

ಅರಿಶಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ನಮ್ಮ ಮನೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ, ಆರತಿಯ ಕೆಂಪು ನೀರು ಮಾಡುವುದೇ ಹಾಗೆ. ಈ ಪರೀಕ್ಷೆಯ ದ್ರಾವಣವೂ ಸುಣ್ಣದ ನೀರಿನಂತೆ ಕ್ಷಾರ. ಮುಚ್ಚಳ ತೆರೆಯುವಾಗ ಪುಡಿ ಒಳಗೆ ಉದುರಿ, ಕರಗಿ, ಕಿಣ್ವಗಳ ಜೊತೆ ತಾನೂ ಓಡಿತ್ತು. ಇಪ್ಪತ್ತೆರಡು ವರ್ಷ ದ್ರಾವಣಗಳ ಜೊತೆ ಕಳೆದವನು ನಾನು, ಒಂದು ಕ್ಷಣವೂ ಹೊಳೆಯಲಿಲ್ಲ. ಪ್ರೊಫೆಸರು ತುಂಬಾ ಹೊತ್ತು ಕನ್ನಡಕ ಒರೆಸಿದರು. ಹುಡುಗರು ಫೋಟೋಗಳನ್ನು ಅಳಿಸಿದರು, ನನ್ನ ಮುಖ ನೋಡದ ಹಾಗೆ. ವಿಜ್ಞಾನದ ಇತಿಹಾಸದಲ್ಲಿ ನನ್ನ ಹೆಸರು ಹದಿನೈದು ನಿಮಿಷ ಇತ್ತು.

ಆದರೆ ನನಗೆ ಅವಮಾನವೇ ಆಗಲಿಲ್ಲ. ಕುಣಿಯುವಷ್ಟು ಸಂತೋಷವಾಯಿತು. ನೋಯ್ ಅಕ್ಕ ಬಹಳ ನಿಧಾನವಾಗಿ, ಬೆರಳು ಎತ್ತಿ ಹೇಳಿದರು: "ಈ ಹಾಳೆ ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಅರ್ಧ ತುಣುಕು ಮೊದಲೇ ಬೇರೆ ಎತ್ತಿಟ್ಟಿದ್ದೇನೆ. ಸೋಮವಾರ ಮತ್ತೆ ಮಾಡೋಣ." ನನಗೆ ಕೇಳಿದ್ದು ಅರಿಶಿಣ ಎಂಬುದೊಂದೇ. ಹೊರಗೆ ಓಡಿ, ಬರಿಗಾಲಲ್ಲೇ ಮೆಟ್ಟಿಲ ಮೇಲೆ ನಿಂತು ಬಸ್ತ್ಯಾಂವನಿಗೆ ಫೋನ್ ಮಾಡಿ, ಏನೂ ಇಲ್ಲೋ, ಬರೇ ಅರಿಶಿಣ ಇತ್ತು ಎಂದೆ. ಅವನಿಗೆ ಅರಿಶಿಣದ ಸಂಬಂಧ ತಿಳಿಯಲಿಲ್ಲ. "ಖರೇನ?" ಎಂದ. ಖರೇನ ಎಂದೆ. ಮೂರು ಸಲ ಕೇಳಿದ, ಮೂರು ಸಲ ಹೇಳಿದೆ. ಆಮೇಲೆ ಅವನು ಅಳುವುದು ಕೇಳಿಸಿತು, ಹಿಂದಿನಿಂದ ಅವನ ಹೆಂಡತಿ ಮರಿಯಾ ಏನಾತು ಏನಾತು ಎನ್ನುವುದು ಕೇಳಿಸಿತು.

ಶನಿವಾರ, ಭಾನುವಾರ

ಈ ಎರಡು ದಿನ ಮಾತ್ರ ನಾನು ನಿಜವಾದ ಪ್ರವಾಸಿಯಾಗಿದ್ದೆ. ಶನಿವಾರ ಒಂದು ದೊಡ್ಡ ಬೌದ್ಧ ಗುಡಿಗೆ ಹೋದೆ. ಮುಂಡಗೋಡದ ಬಸ್ಸಿನಲ್ಲಿ ಟಿಬೆಟಿನ ಸನ್ಯಾಸಿಗಳ ಪಕ್ಕ ಕೂತು ತೂಕಡಿಸಿ ರೂಢಿಯಿದ್ದವನು ನಾನು. ಅವರದು ಕಂದುಗೆಂಪು ಬಟ್ಟೆ, ಇವರದು ಕಾವಿ, ವ್ಯತ್ಯಾಸ ಅಷ್ಟೇ ಎಂದುಕೊಂಡು ಒಬ್ಬ ಸನ್ಯಾಸಿಯ ಪಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ನನ್ನ ಅಂಗಾಲು ಬುದ್ಧನ ಕಡೆಗಿತ್ತಂತೆ. ಒಬ್ಬ ಹೆಂಗಸು ಬಂದು ಮೆಲ್ಲಗೆ, ಹಸುವನ್ನು ತಿರುಗಿಸುವಂತೆ, ನನ್ನನ್ನು ಬೇರೆ ದಿಕ್ಕಿಗೆ ತಿರುಗಿಸಿ ಹೋದಳು.

ಭಾನುವಾರ ನೋಯ್ ಅಕ್ಕನ ಮನೆಯಲ್ಲಿ ಊಟ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟು ಅನ್ನ, ಕೈಯಲ್ಲಿ ಉಂಡೆ ಕಟ್ಟಿ ತಿನ್ನುವುದು. ನನಗೆಂದು ಮೀನಿನ ರಸವಿಲ್ಲದ ಕುಂಬಳಕಾಯಿ ಬೇಯಿಸಿದ್ದರು. ಅವರ ಸೋದರಮಾವ, ಎಪ್ಪತ್ತು ದಾಟಿದವರು, ಮೂಲೆಯಲ್ಲಿ ಕೂತು ಹಸಿ ಮೀನಿನ ಖಾರವನ್ನೇ ಚಪ್ಪರಿಸುತ್ತಿದ್ದರು. ದಿನವಿಡೀ ಕ್ಯಾನ್ಸರಿನ ಲಿವರ್ ಅರೆಯುವ ನೋಯ್ ಅಕ್ಕ ಆ ಕಡೆ ನೋಡದೆ ಉಂಡರು. ಹೇಳಿ ಹೇಳಿ ಸಾಕಾಗಿದೆ ಎಂದರು. ಗೊತ್ತಿದ್ದೂ ಹೀಗೆ ಮಾಡುತ್ತಾರಲ್ಲ ಎಂದು ನಾನು ಮುದುಕರನ್ನು ನೋಡಿ ನಕ್ಕೆ. ಸೋಮವಾರದ ಪರೀಕ್ಷೆ ಬಾಕಿ ಇದೆ ಎಂದು ಗೊತ್ತಿದ್ದೂ ಫೋನ್ ಮಾಡಿ, ಹೊಟ್ಟೆ ತುಂಬ ಕುಂಬಳಕಾಯಿ ತಿನ್ನುತ್ತ ಕೂತಿದ್ದವನು ನಾನು.

ಸೋಮವಾರ

ನೋಯ್ ಅಕ್ಕ ನನ್ನ ಕೈಗಳನ್ನು ತಾವೇ ಸೋಪು ಹಾಕಿ ತೊಳೆಸಿದರು. ಎರಡು ಜೊತೆ ಗ್ಲೌಸು ತೊಡಿಸಿದರು. ಹಾಳೆ ಹರಿಯಲಿಲ್ಲ, ನಾನು ಮಾಡಿದ್ದರಲ್ಲೇ ಅತ್ಯುತ್ತಮವಾದದ್ದು ಅದು. ಏಳನೇ ಸಾಲಿನಲ್ಲಿ ಮಾಮೂಲಿ ಗೆರೆ ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಅದರ ಮುಂದೆ, ಶುಕ್ರವಾರ ಅರಿಶಿಣದ ಪಟ್ಟೆ ಮುಚ್ಚಿಕೊಂಡಿದ್ದ ಜಾಗದಲ್ಲಿಯೇ, ಕೂದಲೆಳೆಯಷ್ಟು ತೆಳುವಾದ ಇನ್ನೊಂದು ಗೆರೆ ಮೂಡಿತು. ನಾನು ವಿನಿಗರ್ ಶೀಶೆ ತಂದು ಒಂದು ತುದಿಗೆ ಹಾಕಿ ಎಂದೆ. ಅವರು ಹಾಕಿದರು. ಕೆಂಪು ಕೆಂಪಾಗಿಯೇ ಉಳಿಯಿತು.

ಇದೊಂದರಿಂದಲೇ ತೀರ್ಮಾನ ಮಾಡುವುದಿಲ್ಲ, ಆದರೆ ಎರಡನೇ ಡಾಕ್ಟರ ಮಾತಿಗೆ ಇದು ಬಲ ಕೊಡುತ್ತದೆ ಎಂದರು ಪ್ರೊಫೆಸರು. ಅವತ್ತು ಅವರ ಇಂಗ್ಲಿಷ್ ಪೂರ್ತಿ ಅರ್ಥವಾಯಿತು. ಹುಬ್ಬಳ್ಳಿಗೆ ಮೇಲ್ ಹೋಯಿತು. ನಾನು ಮೆಟ್ಟಿಲ ಹತ್ತಿರ ಹೋಗಿ ಫೋನ್ ತೆಗೆದೆ. ಅವನ ಹೆಸರು ತೆರೆದೆ, ಮುಚ್ಚಿದೆ. ಮಂಗಳವಾರವೂ ತೆರೆದು ಮುಚ್ಚಿದೆ. ಬುಧವಾರ ಚಾರ್ಜು ಇಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಹಿಂದೆ ಯಾವತ್ತೂ ಆಗಿರಲಿಲ್ಲ. ನೋಯ್ ಅಕ್ಕನಿಗೆ ಫೋನಿನ ವಿಷಯ ಹೇಳಿದಾಗ ಅವರು, ಅವನ ಎದುರಿಗೆ ಕೂತು ಹೇಳು ಎಂದಷ್ಟೇ ಅಂದರು. ಹೊರಡುವ ದಿನ ಅವರೇ ನನಗೆ ಮೊದಲು ಕೈಮುಗಿದರು.

ಹಳಿಯಾಳ

ಶುಕ್ರವಾರ ಮನೆ ಸೇರಿದೆ. ಶನಿವಾರ ಬೆಳಿಗ್ಗೆ ಬಸ್ತ್ಯಾಂವನ ಹಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅವನು ಅಂಗಳದಲ್ಲಿ ಕಟ್ಟಿಗೆ ಒಟ್ಟುತ್ತಿದ್ದ. ಟ್ರ್ಯಾಕ್ಟರು ತೊಳೆದು ನಿಂತಿತ್ತು. ಮರಿಯಾ ಕಲ್ಲಿನ ಮೇಲೆ ಚಾಪೆ ಹಾಸಿ ಚಹಾ ಇಟ್ಟು ಒಳಗೆ ಹೋದಳು, ನನ್ನನ್ನು ಮಾತಾಡಿಸಲಿಲ್ಲ.

ನಾನು ಶುರು ಮಾಡಿದೆ. ಜೆಲ್ಲು, ಕರೆಂಟು, ಅರಿಶಿಣ, ವಿನಿಗರ್, ನೋಯ್ ಅಕ್ಕ ಎತ್ತಿದ ಬೆರಳು, ನಾನು ಅದನ್ನು ಕೇಳಿಸಿಕೊಳ್ಳದೆ ಓಡಿದ್ದು, ಸೋಮವಾರದ ಕೂದಲೆಳೆಯಂಥ ಗೆರೆ. ಒಂದನ್ನೂ ಬಿಡಲಿಲ್ಲ. ನನ್ನ ಉಪನ್ಯಾಸವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೇಳಿದವನು ಅವನೊಬ್ಬನೇ. ಕೊನೆಗೆ, ತಪ್ಪಾತು ಬಸ್ತ್ಯಾಂವ, ಅದು ಕೆಟ್ಟದ್ದ ಇರಬಹುದು ಎಂದೆ.

ಅವನು ಚಹಾದ ಲೋಟ ನನ್ನ ಕಡೆ ಸರಿಸಿದ. "ಬುಧವಾರ ಹುಬ್ಬಳ್ಳಿಗೆ ಹೋಗಿ ಬಂದೆ. ಡಾಕ್ಟರು ಎಲ್ಲಾ ಹೇಳಿದ್ರು. ಸೋಮವಾರ ಅಡ್ಮಿಟ್ ಆಗು ಅಂದಾರ."

ಅವರು ಕರೆಸಿದರೇ ಎಂದು ಕೇಳಿದೆ.

"ಇಲ್ಲ, ನಾನ ಹೋದೆ. ಶುಕ್ರವಾರ ಫೋನ್ ಮಾಡಿದಿ, ಶನಿವಾರ ಬೆಳಿಗ್ಗೆ ಗುಡಿ ಮುಂದ ನಿಂತು ಫೋಟೋ ಕಳಿಸಿದಿ, ರವಿವಾರ ಕುಂಬಳಕಾಯಿ ಫೋಟೋ ಕಳಿಸಿದಿ. ಸೋಮವಾರದಿಂದ ಒಂದೂ ಇಲ್ಲ. ಮೂರು ದಿನ ನೀ ಸುಮ್ಮನಿದ್ದದ್ದು ಸಾಲ್ಯಾಗ ಫೇಲ್ ಆದಾಗ ಅಷ್ಟ. ಏನೋ ಆಗೇತಿ ಅಂತ ಬಸ್ ಹತ್ತಿದೆ."

ಮತ್ತೆ ಯಾಕೋ ನಾನು ಇಷ್ಟೆಲ್ಲ ಹೇಳುವ ತನಕ ಸುಮ್ಮನೆ ಕೂತಿದ್ದಿ ಎಂದೆ.

"ಸಿಟ್ಟು ಬಂದಿತ್ತು. ಭಾಳ ಬಂದಿತ್ತು. ಮರಿಯಾಗ ಇನ್ನೂ ಐತಿ. ನೀನ ಬಂದು ಬಾಯಿಲೆ ಹೇಳ್ತೀಯೋ ಇಲ್ಲೋ ನೋಡೂಣು ಅಂತ ಕುಂತೆ." ಟ್ರ್ಯಾಕ್ಟರಿನ ಕಡೆ ನೋಡಿದ. "ಆ ಶನಿವಾರ, ರವಿವಾರ ಮಾತ್ರ ಭಾಳ ಚೊಲೋ ಇದ್ವು ಮಲ್ಲ್ಯಾ. ಆ ಎರಡು ದಿನಾನ ಹೆಂಗ ತಪ್ಪು ಅನ್ಲಿ."

ನಾನು ಅತ್ತೆ. ಅವನು ನನ್ನನ್ನು ಅಳಲು ಬಿಟ್ಟು ಉಳಿದ ಕಟ್ಟಿಗೆ ಒಟ್ಟಿದ. ಸಮುದ್ರ ದಾಟಿ ಸುದ್ದಿ ತರಲು ಹೋದವನಿಗಿಂತ ಮೂರು ದಿನ ಮೊದಲೇ ಸುದ್ದಿ ಅವನ ಮನೆಗೆ ಬಸ್ಸಿನಲ್ಲಿ ಬಂದಿತ್ತು. ಏಳುವ ಹೊತ್ತಿಗೆ, ಸೋಮವಾರ ಆಸ್ಪತ್ರೆಗೆ ನಾನೂ ಬರಲೇನು ಎಂದು ಕೇಳಿದೆ, ಬೇಡ ಎಂದರೆ ಏನು ಮಾಡುವುದು ಎಂಬ ಹೆದರಿಕೆಯಿಂದಲೇ.

"ಬಾ" ಎಂದ ಬಸ್ತ್ಯಾಂವ. "ಫೋನ್ ಮನ್ಯಾಗ ಇಟ್ಟು ಬಾ."